ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಮೊದಲ ಕೆಲಸ

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹುಡುಗ ಹುಡುಗಿಯರು ಕೆಲಸ ಹುಡುಕಲು ಹೊರಡುವ ಮೊದಲೇ ಮಳೆ ಅವರ ದಾರಿಯನ್ನು ಅರ್ಧ ತೀರ್ಮಾನಿಸಿರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಕೈಹಿಡಿದ ಕಾಲದಲ್ಲಿ ಗಿರಣಿಗಳು ಹಗಲಿರುಳು ಓಡಿ ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ತಂದವು. ಮೇಲಿಂದ ಮೇಲೆ ಬಂದ ಬರ, ಹೊರದೇಶದಿಂದ ಹರಿದು ಬಂದ ಪಾಮ್ ಎಣ್ಣೆ ಸೇರಿ ಅನೇಕ ಗಿರಣಿಗಳ ಬಾಗಿಲು ಮುಚ್ಚಿಸಿದವು. ತೂಕ ಹಾಕುವುದು, ಲೆಕ್ಕ ಬರೆಯುವುದು, ಯಂತ್ರ ರಿಪೇರಿ ಮಾಡುವುದು ಮುಂತಾದ ಕೆಲಸಗಳನ್ನು ಊರಲ್ಲೇ ಕಲಿಯುವ ಅವಕಾಶವೂ ಅವುಗಳ ಜೊತೆ ಕುಗ್ಗಿತು. ಹಾಗಾಗಿ ಮೊದಲ ಕೆಲಸವೆಂದರೆ ಹೆಚ್ಚಿನವರಿಗೆ ಊರು ಬಿಡುವ ಕೆಲಸ. ಬೆಂಗಳೂರಿನ ಕಂಪನಿ, ಬಳ್ಳಾರಿ ಅಥವಾ ಆಂಧ್ರದ ರಾಯದುರ್ಗದ ಜೀನ್ಸ್ ಘಟಕ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವೇ ಸಾಮಾನ್ಯವಾಗಿ ಕಣ್ಣ ಮುಂದಿರುವ ಜಾಗಗಳು.

ಸರ್ಕಾರಿ ಹುದ್ದೆಯ ಕಡೆ ನೋಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಬಳ್ಳಾರಿ ಮೊಳಕಾಲ್ಮುರಿಗೆ ನೆರೆಯ ಜಿಲ್ಲೆ, ಸಂತೆ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲಕ್ಕೂ ಜನ ಅಲ್ಲಿಗೆ ಹೋಗುತ್ತಾರೆ. ಆದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಸಲ್ಲುತ್ತದೆ, ಚಿತ್ರದುರ್ಗ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಬರ, ಬಡತನ ಒಂದೇ ಆಗಿದ್ದರೂ ಗಡಿಯ ಈಚೆಗಿನ ಅಭ್ಯರ್ಥಿ ಆ ಸ್ಥಳೀಯ ಪಾಲಿಗೆ ಅರ್ಹನಲ್ಲ. ಇದು ನ್ಯಾಯವೇ ಎಂಬ ಪ್ರಶ್ನೆ ಈ ಭಾಗದಲ್ಲಿ ಸಕಾರಣವಾಗಿಯೇ ಇದೆ. ಉತ್ತರ ಸಿಗುವವರೆಗೆ ಅರ್ಜಿ ತುಂಬುವಾಗ ಈ ವ್ಯತ್ಯಾಸ ಗೊತ್ತಿರಲೇಬೇಕು.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಥೆ ಬೇರೆ. ನಾಯಕನಹಟ್ಟಿ ಹೋಬಳಿಯ ಸುತ್ತಲಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು. ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳೂ ಇಲ್ಲಿ ಜಮೀನು ಪಡೆದವು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ದನ, ಕುರಿ ಮೇಯುತ್ತಿದ್ದ ಕಾವಲು ಬೇಲಿಯೊಳಗೆ ಹೋದಾಗ ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಕಳೆದುಕೊಂಡದ್ದು ಸಣ್ಣದಲ್ಲ. ಬದಲಿಗೆ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬ ಆಸೆ ಸಹಜ. ಆದರೆ ಈ ಸಂಸ್ಥೆಗಳ ಕಾಯಂ ಹುದ್ದೆಗಳು ಅಖಿಲ ಭಾರತ ಆಯ್ಕೆಯ ಮೂಲಕ ತುಂಬುತ್ತವೆ. ಬೇಲಿಯ ಪಕ್ಕದ ಊರಿನವರೆಂಬುದಕ್ಕೆ ಅಲ್ಲಿ ಅಂಕವಿಲ್ಲ. ಬಾಗಿಲು ಇರುವುದು ತಾಂತ್ರಿಕ ಹುದ್ದೆಗಳಲ್ಲಿ. ಡಿಆರ್‌ಡಿಒ, ಇಸ್ರೊಗಳ ಟೆಕ್ನಿಷಿಯನ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಜೊತೆಗೆ ಸಂಬಂಧಪಟ್ಟ ಟ್ರೇಡಿನ ಐಟಿಐ ಪ್ರಮಾಣಪತ್ರ ಸಾಕು. ಭಾಭಾ ಕೇಂದ್ರ ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುವವರಲ್ಲೂ ಐಟಿಐ ಮುಗಿಸಿದವರಿರುತ್ತಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಟ್ರೇಡುಗಳನ್ನು ‘ಓದು ಹತ್ತದವರ ದಾರಿ’ ಎಂದು ಕೀಳಾಗಿ ನೋಡುವ ಅಭ್ಯಾಸ ಈ ಸೀಮೆಗೆ ದುಬಾರಿಯಾಗಿದೆ.

ಐಟಿಐ ಆದ ಮೇಲೆ ಅಪ್ರೆಂಟಿಸ್ ಆಗಿ ಸೇರುವುದನ್ನು ಮನೆಯವರು ‘ಕಡಿಮೆ ದುಡ್ಡಿಗೆ ದುಡಿಸಿಕೊಳ್ಳುತ್ತಾರೆ’ ಎಂದು ತಡೆಯುವುದುಂಟು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ರೈಲ್ವೆ, ಎಚ್‌ಎಎಲ್‌ನಂಥವು ಇದಕ್ಕಾಗಿಯೇ ಅರ್ಜಿ ಕರೆಯುತ್ತವೆ. ತಿಂಗಳ ಸ್ಟೈಪೆಂಡ್ ನಿಜಕ್ಕೂ ಚಿಕ್ಕದು. ಆದರೂ ಮುಂದೆ ಹೋದಲ್ಲೆಲ್ಲ ತೋರಿಸಬಹುದಾದ ಪ್ರಮಾಣಪತ್ರ, ನಿಜವಾದ ಯಂತ್ರದ ಮೇಲೆ ಕೈ ಪಳಗುವ ಅವಕಾಶ ಇವೆರಡನ್ನೂ ಲೆಕ್ಕಕ್ಕೆ ಹಿಡಿದರೆ ನಗರದಲ್ಲಿ ಪಾರ್ಸೆಲ್ ಹಂಚಿ ಮೂರು ಸಾವಿರ ಹೆಚ್ಚು ತರುವ ಕೆಲಸಕ್ಕಿಂತ ಇದು ಮೇಲು.

ಕಲಿಕೆಯ ಅವಧಿ ಎಂದರೇನು ಎಂಬುದನ್ನು ಮೊಳಕಾಲ್ಮುರಿನ ಮಗ್ಗಗಳು ಚೆನ್ನಾಗಿ ತೋರಿಸುತ್ತವೆ. ಭೌಗೋಳಿಕ ಸೂಚಿ ಪಡೆದಿರುವ ಇಲ್ಲಿನ ರೇಷ್ಮೆ ಸೀರೆಯಲ್ಲಿ ಮೈಯ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು. ಮೂರು ಲಾಳಿಗಳು ಓಡಬೇಕು, ಮೈಯೂ ಅಂಚೂ ಸೇರುವ ಕಡೆ ಹೊಕ್ಕಿನ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ಹೊಸಬರು ನೇರವಾಗಿ ಅಂಚಿಗೆ ಕೈ ಹಾಕುವುದಿಲ್ಲ. ನೂಲು ಸುತ್ತುವುದು, ಹಾಸು ಹೂಡಲು ನೆರವಾಗುವುದು, ಮಗ್ಗದ ಪಕ್ಕ ಕುಳಿತು ಲಾಳಿ ಕೊಡುವುದು ಇವೆಲ್ಲ ಆದ ಮೇಲೆ ಮೈ, ಅದಾದ ಮೇಲೆ ಅಂಚು. ಎಳೆ ಕಡಿದಾಗ ಕಲಿಯುವವರು ಹೇಳದೆ ಮುಂದುವರಿದರೆ ತಪ್ಪು ಸೀರೆ ಮುಗಿದ ಮೇಲೆ ಕಾಣುತ್ತದೆ, ಆಗ ಸರಿಪಡಿಸಲು ದಾರಿಯಿಲ್ಲ. ಕಚೇರಿ, ಕಾರ್ಖಾನೆಗಳಲ್ಲೂ ಮೊದಲ ಆರು ತಿಂಗಳಲ್ಲಿ ಹೊಸಬರಿಂದ ಯಾರೂ ಪರಿಣತಿ ನಿರೀಕ್ಷಿಸುವುದಿಲ್ಲ. ತಪ್ಪಾದ ಕೂಡಲೇ ಹೇಳುವುದನ್ನು, ಗೊತ್ತಿಲ್ಲದ್ದನ್ನು ಕೇಳುವುದನ್ನು ನಿರೀಕ್ಷಿಸುತ್ತಾರೆ. ಹಳ್ಳಿಯಿಂದ ಹೋದವರಿಗೆ ಕಷ್ಟವಾಗುವುದು ಇದೇ. ಇಂಗ್ಲಿಷ್ ಬಾರದೆಂಬ ಅಳುಕಿನಲ್ಲಿ ಸುಮ್ಮನಾಗುತ್ತಾರೆ, ಆ ಮೌನವನ್ನು ಮೇಲಿನವರು ನಿರಾಸಕ್ತಿ ಎಂದು ಓದುತ್ತಾರೆ. ಅರೆಬರೆ ಇಂಗ್ಲಿಷಿನಲ್ಲಾಗಲಿ, ಕನ್ನಡದಲ್ಲೇ ಆಗಲಿ, ಕೇಳಿದವರೇ ಬೇಗ ಕಲಿಯುತ್ತಾರೆ.

ಮಾಡಿದ ಕೆಲಸಕ್ಕೆ ಹೆಸರು ಹಾಕುವ ರೂಢಿ ಈ ನೆಲದಲ್ಲಿ ಬಹಳ ಹಳೆಯದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಬಂಡೆ ಶಾಸನಗಳನ್ನು ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಅದೇ ಶಾಸನಗಳಲ್ಲಿದೆ. ಹಾಗೆಯೇ ಹೊಸಬರು ದಿನವೂ ಮಾಡಿದ ಕೆಲಸ, ಓಡಿಸಿದ ಯಂತ್ರ, ಕಲಿತ ಸಾಫ್ಟ್‌ವೇರ್, ಕಲಿಸಿದವರ ಹೆಸರು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟುಕೊಂಡರೆ ಮುಂದಿನ ಸಂದರ್ಶನದಲ್ಲಿ ಮಾತಿಗೆ ತಡಕಾಡಬೇಕಿಲ್ಲ.

ಸಂಬಳದ ವಿಷಯದಲ್ಲಿ ಸಂಕೋಚ ಕೂಡದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಸ್ವಾಮಿಗಳು ಕಟ್ಟಿಸಿದ ಕೆರೆಗಳಲ್ಲಿ ಕೆಲಸ ಮಾಡಿದವರಿಗೆ ಅವರವರು ದುಡಿದಷ್ಟೇ ಕೂಲಿ ಸಂದಿತೆಂದು ಜನ ನಂಬುತ್ತಾರೆ. ಇಂದು ಅಷ್ಟು ಕೂಲಿ ಸಲ್ಲಬೇಕಾದರೆ ಕಾಗದ ಬೇಕು. ಗುತ್ತಿಗೆದಾರರ ಮೂಲಕ ಸೇರುವವರು ಬಾಯಿಮಾತನ್ನೇ ನಂಬಿ ಹೋಗುವುದರಿಂದ ಹೆಚ್ಚು ನಷ್ಟಪಡುತ್ತಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಅದರಲ್ಲಿ ಹುದ್ದೆ, ಸಂಬಳ, ಕೆಲಸದ ವೇಳೆ, ನೋಟಿಸ್ ಅವಧಿ ಇರಬೇಕು, ಮಾಲೀಕರ ಹೆಸರು ಕಂಪನಿಯದೋ ಗುತ್ತಿಗೆದಾರರದೋ ಎಂಬುದು ಸ್ಪಷ್ಟವಾಗಿರಬೇಕು. ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆ ಅನ್ವಯಿಸುವ ಕಡೆ ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಂದ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ಸೇರಿಸುತ್ತಾರೆ, ಚಿಕಿತ್ಸೆಗೆ ಇದೇ ಆಸರೆ. ಭವಿಷ್ಯನಿಧಿಗೆ ಸಾಮಾನ್ಯವಾಗಿ ಶೇ 12 ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಕಡಿತವಾದ ಹಣ ನಿಜವಾಗಿ ಖಾತೆಗೆ ಸೇರಿದೆಯೇ ಎಂದು ಭವಿಷ್ಯನಿಧಿ ಸದಸ್ಯರಿಗೆ ಸಿಗುವ ಯುಎಎನ್ ಸಂಖ್ಯೆ ಹಾಕಿ ಪ್ರತಿ ತಿಂಗಳು ನೋಡಬೇಕು. ಕೆಲಸ ಕೊಡಿಸುವುದಾಗಿ ಮುಂಗಡ ಕೇಳುವವರಿಗೆ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವವರಿಗೆ ಕೊಡಬೇಕಾದ ಉತ್ತರ ಒಂದೇ: ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಧಾರವಾಡ, ಬೆಂಗಳೂರುಗಳಲ್ಲಿ ಕೋಣೆ ಹಿಡಿದು ಕೂರುವವರು ಎಷ್ಟು ವರ್ಷ ಪ್ರಯತ್ನಿಸುವುದೆಂದು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅಧಿಸೂಚನೆಗಳು ತಡವಾಗುತ್ತವೆ, ವಯಸ್ಸು ಕಾಯುವುದಿಲ್ಲ. ರಾಜ್ಯದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುತ್ತದೆ, ಅದೂ ಹೆಚ್ಚೆಂದರೆ ಎರಡು ವರ್ಷ. ಓದಿನ ಜೊತೆಗೇ ಅರ್ಧ ದಿನದ ಕೆಲಸವೊಂದನ್ನು ಹಿಡಿದಿರುವುದು ಕ್ಷೇಮ.

ಮೊದಲ ಕೆಲಸವನ್ನು ಬಿಡುವುದರಲ್ಲಿ ತಪ್ಪಿಲ್ಲ, ಬಿಡುವ ರೀತಿ ಸರಿಯಿರಬೇಕು. ಜಾತ್ರೆಗೆಂದು ಊರಿಗೆ ಬಂದು ಮರಳಿ ಹೋಗದೆ ಇದ್ದುಬಿಟ್ಟರೆ ಬಿಡುಗಡೆ ಪತ್ರ, ಅನುಭವ ಪತ್ರ ಎರಡೂ ಕೈ ತಪ್ಪುತ್ತವೆ, ಕೊನೆಯ ತಿಂಗಳ ಸಂಬಳವೂ ತಗಾದೆಗೆ ಬೀಳಬಹುದು. ನೋಟಿಸ್ ಅವಧಿ ಮುಗಿಸಿ, ಕಾಗದ ಪಡೆದು, ಭವಿಷ್ಯನಿಧಿಯನ್ನು ಹಳೆಯ ಯುಎಎನ್‌ನಲ್ಲೇ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಬೇಕು. ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಬೇಕು. ಕೆಲಸ ಬದಲಿಸಿದಾಗಲೆಲ್ಲ ಪಿಂಚಣಿಯ ಹಣವನ್ನು ತೆಗೆದುಬಿಟ್ಟವರ ಸೇವೆಯ ಲೆಕ್ಕ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ.