ಮನೆಯ ಗಣಕಯಂತ್ರಕ್ಕೂ ಅಗುಳಿ ಬೇಕು

ಪರರ ಕಾಗದವನ್ನು ಒಡೆದು ಓದುವುದು ಸಭ್ಯರಿಗೆ ತಕ್ಕುದಲ್ಲವೆಂಬುದು ನಮ್ಮ ಹಿರಿಯರು ಬಲ್ಲ ನೀತಿಯು. ಪರಕೀಯ ಸರಕಾರವು 1898ರ ಅಂಚೆ ಕಾಯಿದೆಯ 26ನೆಯ ಕಲಮಿನ ಮೂಲಕ ಜನರ ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿತ್ತು. ಇಂದು ಲಕೋಟೆಯನ್ನು ಒಡೆಯುವ ಶ್ರಮವೂ ಬೇಡವಾಗಿದೆ. ಬಂಟ್ವಾಳದ ವರ್ತಕರ ಲೆಕ್ಕ, ಬೆಳ್ತಂಗಡಿಯ ಕೃಷಿಕರ ಭೂದಾಖಲೆ, ಮೂಡುಬಿದಿರೆಯ ವಿದ್ಯಾರ್ಥಿಗಳ ಅಂಕಪಟ್ಟಿ, ಮುಂಬಯಿ ಮತ್ತು ಕೊಲ್ಲಿ ದೇಶಗಳಲ್ಲಿರುವ ಮಕ್ಕಳ ಪಾಸ್‌ಪೋರ್ಟಿನ ಪ್ರತಿ, ಇವೆಲ್ಲವೂ ಚಾವಡಿಯ ಮೂಲೆಯಲ್ಲಿರುವ ಯಂತ್ರದೊಳಗೆ ಸೇರಿಕೊಂಡಿವೆ.

“ಮುಚ್ಚಿಡತಕ್ಕದ್ದೇನೂ ನಮ್ಮಲ್ಲಿಲ್ಲ” ಎಂದು ಹೇಳುವವರುಂಟು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕು ಖಾತೆಗಳಿಂದ ಅವರ ಅರಿವಿಲ್ಲದೆಯೇ ಹಣವು ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳು ವಂಚಕರ ಕೈಸೇರಿದುದು ತನಿಖೆಯಲ್ಲಿ ಬೆಳಕಿಗೆ ಬಂದಿತು. ಹಣ ಕಳೆದುಕೊಂಡ ಆ ಗೃಹಸ್ಥರು ಮುಚ್ಚಿಟ್ಟ ಪಾಪವಾದರೂ ಯಾವುದು? ಮೂಡುಬಿದಿರೆಯಲ್ಲಿ ಧವಳಾದಿ ಓಲೆಗ್ರಂಥಗಳನ್ನು ಶತಮಾನಗಳ ಕಾಲ ಕಾವಲಿನಲ್ಲಿಟ್ಟುದು ಅಪರಾಧವನ್ನು ಮರೆಮಾಚಲಿಕ್ಕಲ್ಲ. ಅವು ಬೆಲೆಯುಳ್ಳವುಗಳೆಂಬ ಕಾರಣದಿಂದ. ಮನುಷ್ಯನ ಖಾಸಗಿ ಬಾಳಿಗೂ ಅಂಥದೇ ಬೆಲೆಯುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಮತದಿಂದ ಇದನ್ನು ಮೂಲಭೂತ ಹಕ್ಕೆಂದು ಸಾರಿದರು.

ಹಕ್ಕು ದೊರೆತ ಮಾತ್ರಕ್ಕೆ ಬಾಗಿಲು ತಾನಾಗಿ ಮುಚ್ಚಿಕೊಳ್ಳದು. ಮನೆಯಲ್ಲಿ ಯಂತ್ರವನ್ನು ಬಳಸುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆಯಿರಲಿ. ಗುಪ್ತಪದವು ಉದ್ದವಾಗಿರಲಿ, ಅಂಚೆಗೂ ಬ್ಯಾಂಕಿಗೂ ಒಂದೇ ಪದವು ಸಲ್ಲದು. ಗುಪ್ತಪದದೊಡನೆ ಮೊಬೈಲಿನ ಎರಡನೆಯ ತಪಾಸಣೆಯನ್ನೂ ಇಟ್ಟುಕೊಳ್ಳುವುದು ಲೇಸು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೊಸ ದೋಷಗಳಿಗೆ ಪರಿಹಾರ ಬಾರದ ಯಂತ್ರದಲ್ಲಿ ಹಣದ ವ್ಯವಹಾರವು ತರವಲ್ಲ. ಯಂತ್ರವನ್ನು ದುರಸ್ತಿಗೆ ಕೊಡುವಾಗ, ಮಾರುವಾಗ ಎಚ್ಚರವಿರಬೇಕು: ಅಳಿಸಿದ ಕಡತವು ಕಣ್ಣಿಗೆ ಕಾಣದಿದ್ದರೂ, ಅದರ ಮೇಲೆ ಬೇರೆ ಬರೆಹ ಬೀಳುವ ತನಕ ಹಲವೊಮ್ಮೆ ಮರಳಿ ದೊರೆಯುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿಟ್ಟಿದ್ದರೆ ಈ ಭಯವು ಬಹುಮಟ್ಟಿಗೆ ತಪ್ಪುವುದು. ಅಪರಿಚಿತನು ಫೋನಿನಲ್ಲಿ ಹೇಳಿದನೆಂದು ಯಂತ್ರದ ಹಿಡಿತವನ್ನು ದೂರದವನಿಗೆ ಒಪ್ಪಿಸುವುದು ಮನೆಯ ಬೀಗದ ಕೈಯನ್ನು ಬೀದಿಗೆಸೆದಂತೆ. ಆಧಾರಿನ ಪ್ರತಿಯನ್ನು ಕೊಡಬೇಕಾದೆಡೆ, ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯು ಸಾಲುವುದಾದರೆ ಅದನ್ನೇ ಕೊಡತಕ್ಕದ್ದು. ಬೆರಳಚ್ಚಿಗೂ ಬೀಗ ಹಾಕುವ ಅನುಕೂಲವುಂಟು. ಹಣ ಹೋದೊಡನೆ 1930ಕ್ಕೆ ಕರೆಮಾಡಲು ತಡಮಾಡಬಾರದು.

ಆದರೆ ಗೃಹಸ್ಥನೊಬ್ಬನೇ ಎಚ್ಚತ್ತಿದ್ದರೆ ಸಾಲದು. ಮಂಗಳೂರಿನ ಪ್ರಸಂಗದಲ್ಲಿ ಬೆರಳಚ್ಚು ಸೋರಿದುದು ಮನೆಯ ಯಂತ್ರದಿಂದಲ್ಲ, ದಾಖಲೆಗಳಿಂದ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ತಪ್ಪಿತಸ್ಥ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದೆನ್ನುತ್ತದೆ. ಸರಕಾರಕ್ಕಾದರೋ ಅದರಲ್ಲಿ ವಿಶಾಲವಾದ ವಿನಾಯತಿಗಳಿವೆ. ಪ್ರಜೆಯಿಂದ ಬೆರಳಚ್ಚನ್ನು ಕಡ್ಡಾಯವಾಗಿ ಪಡೆಯುವ ಕಚೇರಿಯು ಅದನ್ನು ಕಾಯುವ ಹೊಣೆಯನ್ನೂ ಅಷ್ಟೇ ಕಡ್ಡಾಯವಾಗಿ ಹೊರಬೇಕು. ಕದ್ದ ಗುಪ್ತಪದವನ್ನು ಬದಲಾಯಿಸಬಹುದು. ಕದ್ದ ಬೆರಳನ್ನು ಬದಲಾಯಿಸಲಾಗದು. ಅಧಿಕಾರಿ ವರ್ಗವು ಇದನ್ನು ಮನಗಾಣಲೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.