‘ಬೇಕು’, ‘ಬಹುದು’ ಮತ್ತು ಇಂಗ್ಲಿಷಿನ ಒಂಬತ್ತು ಸಣ್ಣ ಪದಗಳು

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹಗಳ ಮಾತು ಬರುತ್ತದೆಂದು ಸಭಿಕರು ಎಣಿಸುವುದು ಸಹಜ. ಇಂದು ನಾವು ಆರಿಸಿಕೊಂಡಿರುವುದು ವ್ಯಾಕರಣದ ವಿಷಯ. ಆದರೆ ಈ ವ್ಯಾಕರಣ ಚಿಕಿತ್ಸಾಲಯದಿಂದ ದೂರವಾದುದಲ್ಲ. ಊರಿನಿಂದ ಬಂದು ನಮ್ಮೊಡನೆ ಅಮೆರಿಕದಲ್ಲಿ ನೆಲೆಸಿರುವ ತಂದೆತಾಯಿಯರು ಇಂಗ್ಲಿಷ್ ಕಲಿಯುವಾಗ ನಾಮಪದಗಳಲ್ಲಿ ಎಡವುವುದು ಕಡಿಮೆ. ಹಾರ್ಟು, ಶುಗರು, ಆಪರೇಷನ್ನು ಎಲ್ಲರಿಗೂ ತಿಳಿದ ಪದಗಳೇ. ಅವರು ಎಡವುವುದು ‘ಮಸ್ಟ್’, ‘ಶುಡ್’, ‘ಮೇ’ ಮುಂತಾದ ಸಣ್ಣ ಪದಗಳಲ್ಲಿ. ಮಾತ್ರೆಯ ಹೆಸರು ತಿಳಿದಿದ್ದು, ಅದನ್ನು ನುಂಗಲೇಬೇಕೋ, ನುಂಗಿದರೆ ಒಳ್ಳೆಯದೋ, ನುಂಗಲೇಕೂಡದೋ ಎಂಬುದು ತಿಳಿಯದಿದ್ದರೆ ಫಲವೇನು?

ಇಂಗ್ಲಿಷ್ ವ್ಯಾಕರಣವು ಇವನ್ನು ‘ಮೋಡಲ್’ ಸಹಾಯಕ ಕ್ರಿಯಾಪದಗಳೆಂದು ಕರೆಯುತ್ತದೆ. ಮುಖ್ಯವಾದವು 9: ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್, ಮಸ್ಟ್. ಇವುಗಳ ರೂಪ ಬಹು ಸುಲಭ. ‘ಹಿ ಗೋಸ್’ ಎಂಬಲ್ಲಿನಂತೆ ಇವು ಕರ್ತೃವಿಗೆ ತಕ್ಕಂತೆ ಬದಲಾಗುವುದಿಲ್ಲ. ಇವುಗಳ ಮುಂದೆ ‘ಟು’ ಬರುವುದಿಲ್ಲ. ಎರಡು ಒಟ್ಟಿಗೆ ನಿಲ್ಲುವುದಿಲ್ಲ. ಪ್ರಶ್ನೆ ಕೇಳುವಾಗ ಇವೇ ವಾಕ್ಯದ ಮೊದಲಿಗೆ ಬರುತ್ತವೆ. ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಸಬಹುದು. ಕಷ್ಟವಿರುವುದು ಅರ್ಥದಲ್ಲಿ.

ನಮ್ಮ ಭಾಷೆಯಲ್ಲಿ ಈ ಸಾಮಗ್ರಿ ಇಲ್ಲವೆಂದಲ್ಲ. ಶಾಲೆಯ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳನ್ನು ಓದಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇರಬಹುದು. ಕೆಲವೆಡೆ ಎರಡು ಭಾಷೆಗಳು ಆಶ್ಚರ್ಯವೆನಿಸುವಷ್ಟು ಹೊಂದುತ್ತವೆ. ‘ನೀವು ಒಳಗೆ ಬರಬಹುದು’ ಎಂದರೆ ಅಪ್ಪಣೆ. ‘ನಾಳೆ ಮಳೆ ಬರಬಹುದು’ ಎಂದರೆ ಊಹೆ. ಇಂಗ್ಲಿಷಿನ ‘ಮೇ’ ಕೂಡ ಈ ಎರಡು ಕೆಲಸಗಳನ್ನು ಮಾಡುತ್ತದೆ. ‘ಅವರು ಮನೆಗೆ ಹೋಗಬೇಕು’ ಎಂಬುದು ಕರ್ತವ್ಯ. ‘ಅವರು ಇಷ್ಟು ಹೊತ್ತಿಗೆ ಮನೆ ಸೇರಿರಬೇಕು’ ಎಂಬುದು ತರ್ಕ. ‘ಮಸ್ಟ್’ ಕೂಡ ಹೀಗೆಯೇ. ಕಲಿಸುವವರು ಈ ಸಾಮ್ಯದಿಂದ ಆರಂಭಿಸಿದರೆ ಕಲಿಯುವ ಹಿರಿಯರಿಗೆ ಧೈರ್ಯ ಬರುತ್ತದೆ.

ಭೇದಗಳು ನಾಲ್ಕು ಕಡೆ ಕಾಣುತ್ತವೆ. ಮೊದಲನೆಯದು ಒತ್ತಾಯದ ತೂಕ. ‘ಮಸ್ಟ್’, ‘ಶುಡ್’, ‘ಹ್ಯಾವ್ ಟು’, ‘ನೀಡ್ ಟು’ ಎಲ್ಲವನ್ನೂ ನಾವು ಒಂದೇ ‘ಬೇಕು’ವಿನಲ್ಲಿ ತುಂಬುತ್ತೇವೆ. ವೈದ್ಯರು ಏನೆಂದರು ಎಂದು ಕೇಳಿದ ಅಜ್ಜಿಗೆ ಮೊಮ್ಮಗ ‘ತಗೋಬೇಕಂತೆ’ ಎನ್ನುತ್ತಾನೆ. ಮೂಲದಲ್ಲಿದ್ದ ತೂಕ ಅಲ್ಲಿಯೇ ಕಳೆದುಹೋಗುತ್ತದೆ. ಆದರೆ ಆ ತೂಕವನ್ನು ತೋರುವ ಉಪಾಯ ಕನ್ನಡದಲ್ಲಿದೆ. ‘ಮಸ್ಟ್’ ಎಂದರೆ ‘ಮಾಡಲೇಬೇಕು’. ‘ಶುಡ್’ ಎಂದರೆ ‘ಮಾಡುವುದು ಒಳ್ಳೆಯದು, ಬಲವಾದ ಕಾರಣವಿಲ್ಲದೆ ಬಿಡಬೇಡಿ’. ‘ಮೇ’ ಎಂದರೆ ‘ಮಾಡಬಹುದು, ಬಿಟ್ಟರೂ ದೋಷವಿಲ್ಲ’.

ನಮ್ಮಲ್ಲಿ ಕಂಪ್ಯೂಟರ್ ಕ್ಷೇತ್ರದವರು ಬಹಳ ಮಂದಿ ಇದ್ದೀರಿ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ಬರೆಯುವವರಿಗಾಗಿ 1997ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2119 ಎಂಬ ದಾಖಲೆ ಈ ಮೂರು ಪದಗಳಿಗೆ ಹೆಚ್ಚುಕಡಿಮೆ ಇದೇ ಅರ್ಥವನ್ನು ನಿಗದಿಪಡಿಸಿತು. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳ ಮಾರ್ಗಸೂಚಿಗಳಲ್ಲಿಯೂ ಒಂದನೆಯ ದರ್ಜೆಯ ಸಲಹೆಗೆ ‘ಶುಡ್’ನಂತಹ ಗಟ್ಟಿ ಮಾತು, ಆಧಾರ ದುರ್ಬಲವಾದ ಸಲಹೆಗೆ ‘ಮೈಟ್’ನಂತಹ ಮೆತ್ತನೆಯ ಮಾತು ಬಳಕೆಯಾಗುತ್ತದೆ. ಯಂತ್ರಗಳಿಗೂ ತಜ್ಞರಿಗೂ ಬೇಕಾದ ಈ ಸ್ಪಷ್ಟತೆ ನಮ್ಮ ಹಿರಿಯರಿಗೂ ಬೇಕಲ್ಲವೇ?

ಎರಡನೆಯದು ನಿಷೇಧ. ಇಲ್ಲಿ ಅಪಾಯ ಹೆಚ್ಚು. ‘ಮಸ್ಟ್’ ಎಂದರೆ ‘ಬೇಕು’ ಎಂದು ಕಲಿತವರು ‘ಮಸ್ಟ್ ನಾಟ್’ ಎಂದರೆ ‘ಬೇಕಾಗಿಲ್ಲ’ ಎಂದು ಲೆಕ್ಕ ಹಾಕುತ್ತಾರೆ. ನಿಜದಲ್ಲಿ ‘ಮಸ್ಟ್ ನಾಟ್’ ಎಂದರೆ ‘ಕೂಡದು’. ‘ಬೇಕಾಗಿಲ್ಲ’ ಎಂಬುದಕ್ಕೆ ‘ಡೋಂಟ್ ಹ್ಯಾವ್ ಟು’ ಎನ್ನಬೇಕು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ‘ಯು ಮಸ್ಟ್ ನಾಟ್ ಈಟ್’ ಎಂದರೆ ತಿನ್ನಲೇಕೂಡದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವ ಆಹಾರ ಗಂಟಲಿಗೆ ಬಂದು ಶ್ವಾಸಕೋಶವನ್ನು ಸೇರುವ ಅಪಾಯವಿದೆ. ಇದಕ್ಕೆ ವಿರುದ್ಧವಾಗಿ, ಮಧುಮೇಹಿಗಳಿಗೆ ಮಾಡುವ ‘ಎ ಒನ್ ಸಿ’ ಪರೀಕ್ಷೆಗೆ ‘ಯು ಡೋಂಟ್ ಹ್ಯಾವ್ ಟು ಫಾಸ್ಟ್’ ಎನ್ನುತ್ತಾರೆ, ಉಪವಾಸ ಬೇಕಾಗಿಲ್ಲ. ಇದನ್ನು ತಪ್ಪಾಗಿ ತಿಳಿದು, ಇನ್ಸುಲಿನ್ ಚುಚ್ಚಿಕೊಂಡು ಬರಿಹೊಟ್ಟೆಯಲ್ಲಿ ಕುಳಿತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು.

ಮೂರನೆಯದು ಭೂತಕಾಲ. ಇಲ್ಲಿ ಕನ್ನಡವೇ ನಮಗೆ ಒಳ್ಳೆಯ ಗುರು. ‘ಆಸ್ಪತ್ರೆಗೆ ಹೋಗಬೇಕಾಯಿತು’ ಎಂದರೆ ಹೋದದ್ದುಂಟು: ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂದರೆ ಹೋಗಲಿಲ್ಲ: ‘ಶುಡ್ ಹ್ಯಾವ್ ಗಾನ್’. ‘ಹೋಗಿರಬೇಕು’ ಎಂದರೆ ಊಹೆ: ‘ಮಸ್ಟ್ ಹ್ಯಾವ್ ಗಾನ್’. ಹಿಂದಿನ ಕಾಯಿಲೆಯ ವಿವರ ಹೇಳುವಾಗ ಈ ಮೂರು ಅದಲುಬದಲಾದರೆ ಆಗದ ಚಿಕಿತ್ಸೆ ಆಯಿತೆಂದು ದಾಖಲಾಗಬಹುದು. ಕನ್ನಡದ ಮೂರು ವಾಕ್ಯಗಳನ್ನು ಎಡಕ್ಕೂ ಇಂಗ್ಲಿಷಿನ ಮೂರನ್ನು ಬಲಕ್ಕೂ ಬರೆದು ಗೋಡೆಗೆ ಅಂಟಿಸಿ. ವಾರದೊಳಗೆ ಬಾಯಿಗೆ ಬರುತ್ತವೆ.

ನಾಲ್ಕನೆಯದು ಮರ್ಯಾದೆ. ಇದನ್ನು ಪಠ್ಯಪುಸ್ತಕಗಳು ಸಾಕಷ್ಟು ಹೇಳುವುದಿಲ್ಲ. ಕನ್ನಡದಲ್ಲಿ ಗೌರವವು ‘ನೀವು’ ಎಂಬ ಸರ್ವನಾಮದಲ್ಲಿ, ‘ಬನ್ನಿ’, ‘ಕೊಡಿ’ ಎಂಬ ಪ್ರತ್ಯಯದಲ್ಲಿ ಅಡಗಿದೆ. ಇಂಗ್ಲಿಷಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಒಂದೇ ‘ಯು’. ಆದ್ದರಿಂದ ಗೌರವದ ಭಾರವನ್ನು ಬಹುಮಟ್ಟಿಗೆ ‘ಕುಡ್’, ‘ವುಡ್’ಗಳು ಹೊರುತ್ತವೆ. ‘ನೀರು ಕೊಡಿ’ ಎಂದು ಸೌಜನ್ಯದಿಂದಲೇ ಯೋಚಿಸಿದ ನಮ್ಮ ತಾಯಂದಿರು ‘ಗಿವ್ ವಾಟರ್’ ಎಂದಾಗ ದಾದಿಗೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ‘ಕುಡ್ ಐ ಹ್ಯಾವ್ ಸಮ್ ವಾಟರ್?’ ಎಂಬ ಒಂದೇ ವಾಕ್ಯವನ್ನು ಕಲಿಸಿದರೆ ಅವರ ಸಹಜ ಮರ್ಯಾದೆ ಇಂಗ್ಲಿಷಿನಲ್ಲಿಯೂ ಕಾಣುತ್ತದೆ.

ಇದರ ಮತ್ತೊಂದು ಮುಖವೂ ಇದೆ. ‘ಕುಡ್ ಯು ರೈಸ್ ಯುವರ್ ಆರ್ಮ್?’ ಎಂದು ವೈದ್ಯರು ಕೇಳಿದರೆ ಅದು ವಿನಂತಿ. ‘ಯೆಸ್’ ಎಂದು ಸುಮ್ಮನಿರದೆ ಕೈಯನ್ನು ಎತ್ತಬೇಕು. ‘ಯು ಮೈಟ್ ವಾಂಟ್ ಟು ಕಟ್ ಡೌನ್ ಆನ್ ಸಾಲ್ಟ್’ ಎಂದರೆ ‘ನಿಮಗೆ ಇಷ್ಟವಿದ್ದರೆ’ ಎಂದರ್ಥವಲ್ಲ. ಉಪ್ಪು ಕಡಿಮೆ ಮಾಡಿ ಎಂಬ ಸಲಹೆಯನ್ನೇ ಮೆತ್ತಗೆ ಹೇಳುವ ರೀತಿ ಅದು. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿಗೆ ಸೇರಿದ ನಮ್ಮಂಥವರೂ ಈ ಮೃದುಭಾಷೆಯನ್ನು ಕಿವಿಯಿಂದಲೇ ಕಲಿತವರು. ಊರಿನಲ್ಲಿ ಡಾಕ್ಟರರು ‘ಉಪ್ಪು ಬಿಡ್ರೀ’ ಎಂದು ಗದರಿದರೆ ರೋಗಿಗೆ ಸಂಶಯ ಉಳಿಯುವುದಿಲ್ಲ. ಇಲ್ಲಿ ಮಾತು ಮೆತ್ತಗಾದ ಮಾತ್ರಕ್ಕೆ ಸಲಹೆ ಹಗುರವಾಯಿತೆಂದು ತಿಳಿಯಬಾರದು.

ಔಷಧದ ಸೀಸೆಯ ಮೇಲೆ ‘ಮೇ ಕಾಸ್ ಡಿಜಿನೆಸ್’ ಎಂದು ಬರೆದಿರುತ್ತದೆ. ಇದಕ್ಕೆ ನಮ್ಮ ಸಂಭಾವನಾರ್ಥವೇ ಸರಿಯಾದ ಕನ್ನಡ: ‘ತಲೆ ಸುತ್ತೀತು’. ಹಿತ್ತಿಲಿನಲ್ಲಿ ಆಡುವ ಮಗುವಿಗೆ ‘ಬಿದ್ದೀಯೆ, ಜೋಕೆ’ ಎನ್ನುತ್ತೇವಲ್ಲವೇ? ಅದೇ ಎಚ್ಚರಿಕೆಯ ದನಿ. ಬಿದ್ದೇ ಬೀಳುತ್ತದೆ ಎಂದಲ್ಲ. ಮಗುವನ್ನು ಆಟ ಬಿಡಿಸಬೇಕೆಂದೂ ಅಲ್ಲ. ‘ಮೇ’ ಎಂಬುದನ್ನು ‘ಖಂಡಿತ’ ಎಂದು ಓದಿ, ವೈದ್ಯರಿಗೆ ಹೇಳದೆ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸುವುದರಿಂದ ಹಾನಿಯೇ ಹೆಚ್ಚು.

ಹಾಗಾದರೆ ಮನೆಯಲ್ಲಿ ಕಲಿಸುವ ಕ್ರಮ ಯಾವುದು? ಒಂಬತ್ತು ಪದಗಳ ಅರ್ಥದ ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಡಿ. ಔಷಧದ ಅಂಗಡಿ, ಚಿಕಿತ್ಸಾಲಯ, ಬಸ್ಸು, ನೆರೆಮನೆ, ಹೀಗೆ ಒಂದೊಂದು ಸಂದರ್ಭವನ್ನು ತೆಗೆದುಕೊಂಡು ನೀವು ವೈದ್ಯರಾಗಿ, ಅವರು ರೋಗಿಯಾಗಿ ಮಾತನಾಡಿ. ಆಮೇಲೆ ಪಾತ್ರ ಬದಲಿಸಿ. ಕೊನೆಗೆ ಎರಡು ವಾಕ್ಯಗಳನ್ನು ಗಟ್ಟಿಮಾಡಿಸಿ. ಒಂದು, ‘ಮಸ್ಟ್ ಐ ಡು ದಿಸ್, ಆರ್ ಈಸ್ ಇಟ್ ಮೈ ಚಾಯ್ಸ್?’ ಇನ್ನೊಂದು, ‘ಕುಡ್ ಐ ಸೇ ಇಟ್ ಬ್ಯಾಕ್ ಟು ಯು?’ ಕೇಳಿದ್ದನ್ನು ರೋಗಿಯ ಬಾಯಿಂದಲೇ ಹೇಳಿಸಿ ನೋಡುವ ಕ್ರಮವನ್ನು ವೈದ್ಯಶಾಸ್ತ್ರವೂ ಒಪ್ಪಿದೆ. ಹೀಗೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಯ ಒಪ್ಪಿಗೆಯಂತಹ ಗಂಭೀರ ಪ್ರಸಂಗಗಳಲ್ಲಿ ಮೊಮ್ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡುವುದು ಸಲ್ಲದು. 1964ರ ನಾಗರಿಕ ಹಕ್ಕುಗಳ ಕಾಯಿದೆಯಂತೆ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಭಾಷಾ ನೆರವು ನೀಡಬೇಕಾಗುತ್ತದೆ. ಕನ್ನಡ ದುಭಾಷಿ ಬೇಕೆಂದು ಮುಂಚಿತವಾಗಿ ಕೇಳಿ; ಫೋನಿನ ಮೂಲಕವಾದರೂ ದೊರೆಯಬಹುದು.

ಭಾಷೆ ಬಾರದ ನಾಡಿನಲ್ಲಿ ನಮ್ಮ ಹಿರಿಯರು ಎಲ್ಲದಕ್ಕೂ ತಲೆಯಾಡಿಸುವುದು ಒಪ್ಪಿಗೆಯಿಂದಲ್ಲ, ಸಂಕೋಚದಿಂದ. ‘ಬೇಕೇ, ಬಹುದೇ, ಬಾರದೇ’ ಎಂದು ತಾವೇ ಕೇಳಿ ತಿಳಿಯುವ ಶಕ್ತಿಯನ್ನು ಅವರಿಗೆ ಕೊಟ್ಟರೆ, ತಮ್ಮ ದೇಹದ ವಿಷಯದಲ್ಲಿ ತಾವೇ ನಿರ್ಧರಿಸುವ ಅಧಿಕಾರವನ್ನು ಅವರಿಗೆ ಮರಳಿ ಕೊಟ್ಟಂತೆ.