ದೋಣಿ ಎಂಜಿನ್‌ನ ಥ್ರಾಟಲ್ ಬಿಗಿದರೆ: ದೋಷ ಪತ್ತೆ ಹೇಗೆ, ಪರಿಹಾರವೇನು?

ಉಡುಪಿ: ರಾಜ್ಯದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ 61 ದಿನಗಳಲ್ಲಿ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಅವುಗಳ ಎಂಜಿನ್ ಸಾಮರ್ಥ್ಯವೂ 10 ಅಶ್ವಶಕ್ತಿಯನ್ನು ಮೀರುವಂತಿಲ್ಲ. ದೋಣಿಯ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್ ಈ ಮೀನುಗಾರರ ಪಾಲಿಗೆ ಜೀವನಾಧಾರವೂ ಹೌದು, ಜೀವರಕ್ಷಕವೂ ಹೌದು. ಆದರೆ ತಿಂಗಳುಗಟ್ಟಲೆ ಬಳಸದೆ ಇಟ್ಟ ಹಳೆಯ ಎಂಜಿನ್‌ಗಳಲ್ಲಿ ಥ್ರಾಟಲ್ ಬಿಗಿದುಕೊಳ್ಳುವ ದೋಷ ಸಾಮಾನ್ಯ. ದಡದಲ್ಲಿ ಸಣ್ಣದೆನಿಸುವ ಈ ತೊಂದರೆ ಅಳಿವೆ ಬಾಗಿಲಿನಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ಎಂಜಿನ್‌ನೊಳಗೆ ಹೋಗುವ ಗಾಳಿ ಹಾಗೂ ಇಂಧನದ ಮಿಶ್ರಣವನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ನಿಯಂತ್ರಿಸುವುದೇ ಥ್ರಾಟಲ್‌ನ ಕೆಲಸ. ಬೈಕಿನ ಆಕ್ಸಿಲರೇಟರ್‌ನಂತೆ ಇಲ್ಲಿಯೂ ಹಿಡಿಯನ್ನು ತಿರುಗಿಸಿದಾಗ ಕಾರ್ಬ್ಯುರೇಟರ್‌ನಲ್ಲಿರುವ ಸಣ್ಣ ತಟ್ಟೆ ತೆರೆದುಕೊಳ್ಳುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಬೈಕಿನಲ್ಲಿ ಕೈ ಸಡಿಲಿಸಿದೊಡನೆ ಹಿಡಿ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಔಟ್‌ಬೋರ್ಡ್‌ನ ಅನೇಕ ಮಾದರಿಗಳಲ್ಲಿ ಅದು ಇಟ್ಟಲ್ಲೇ ನಿಲ್ಲುತ್ತದೆ. ಹೀಗಾಗಿ ಥ್ರಾಟಲ್ ಬಿಗಿದಿರುವುದು ವೇಗ ತಗ್ಗಿಸಲು ಹೊರಟಾಗಲೇ ಅರಿವಿಗೆ ಬರುವುದು ಹೆಚ್ಚು.

ನದಿಯ ಸೆಳೆತ ಮತ್ತು ಕಡಲಿನ ಅಲೆಗಳು ಎದುರುಬದುರಾಗುವ ಅಳಿವೆಯಲ್ಲಿ ದೋಣಿ ನಡೆಸುವವರು ಅಲೆಯ ಏರಿಳಿತಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ವೇಗ ಬದಲಿಸಬೇಕಾಗುತ್ತದೆ. ಅಲ್ಲಿ ಹಿಡಿ ಕೈಮಾತು ಕೇಳದಿದ್ದರೆ ದೋಣಿ ಅಡ್ಡ ತಿರುಗಿ ಮಗುಚುವ ಅಪಾಯವಿದೆ.

ದೋಷವಿರುವುದು ಎಲ್ಲಿ?

ಹಿಡಿ ಬಿಗಿಯಾದೊಡನೆ ಬಲ ಹಾಕಿ ತಿರುಗಿಸುವುದು ಅಥವಾ ಸಿಕ್ಕ ಸಿಕ್ಕ ಕಡೆ ಎಣ್ಣೆ ಸುರಿಯುವುದು ವಾಡಿಕೆ. ಇದರಿಂದ ತಂತಿ ತುಂಡಾಗಬಹುದೇ ಹೊರತು ದೋಷ ನಿವಾರಣೆಯಾಗದು. ಬಿಗಿತವಿರುವುದು ಹಿಡಿ ಮತ್ತು ಕೇಬಲ್‌ನಲ್ಲೋ ಅಥವಾ ಎಂಜಿನ್‌ನಲ್ಲೋ ಎಂಬುದನ್ನು ಮೊದಲು ತಿಳಿಯಬೇಕು.

ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿದ ಬಳಿಕವೇ ಪರೀಕ್ಷೆಗೆ ತೊಡಗಬೇಕು. ಹಳೆಯ ಅನೇಕ ಮಾದರಿಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಥ್ರಾಟಲ್ ಪೂರ್ತಿ ತೆರೆಯದಂತೆ ತಡೆಯಿರುತ್ತದೆ. ಇದು ಸುರಕ್ಷತೆಗಾಗಿ ಇರುವ ವ್ಯವಸ್ಥೆ, ದೋಷವಲ್ಲ. ಹಿಡಿಯ ಬಿಗಿತ ಹೊಂದಿಸುವ ತಿರುಪು ಇದ್ದರೆ ಅದನ್ನು ಸಡಿಲಿಸಿ ನೋಡಬೇಕು. ಕೆಲವೊಮ್ಮೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಂದಿನ ಹಂತದಲ್ಲಿ ಮೇಲಿನ ಮುಚ್ಚಳ ತೆಗೆದು, ಕೇಬಲ್ಲನ್ನು ಎಂಜಿನ್ ಬದಿಯಲ್ಲಿ ಕಳಚಿ, ಕಾರ್ಬ್ಯುರೇಟರ್‌ನ ಸನ್ನೆಯನ್ನು ಬೆರಳಿನಿಂದ ಸರಿಸಬೇಕು. ಸನ್ನೆ ಸಲೀಸಾಗಿ ಸರಿದು ಸ್ಪ್ರಿಂಗ್‌ನ ಬಲದಿಂದ ಹಿಂದಕ್ಕೆ ಬಂದರೆ ದೋಷವಿರುವುದು ಕೇಬಲ್ ಅಥವಾ ಹಿಡಿಯಲ್ಲಿ. ಅದೂ ಬಿಗಿಯಾಗಿದ್ದರೆ ದೋಷ ಎಂಜಿನ್ ಬದಿಯಲ್ಲಿದೆ ಎಂದರ್ಥ.

ಕೇಬಲ್‌ನ ತೊಂದರೆ

ಉಪ್ಪುನೀರು ಕೇಬಲ್‌ನ ಹೊದಿಕೆಯೊಳಗೆ ಇಳಿದರೆ ಒಳತಂತಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿದಂತೆ ತಂತಿ ಜಾರಲು ಜಾಗವಿಲ್ಲದಾಗುತ್ತದೆ. ಹೊದಿಕೆ ಬಿರುಕುಬಿಟ್ಟಿದ್ದರೆ ಅಥವಾ ತಂತಿಯ ಎಳೆ ಬಿಚ್ಚಿದ್ದರೆ ಎಣ್ಣೆ ಬಿಡುವುದು ತಾತ್ಕಾಲಿಕ ಉಪಾಯವಷ್ಟೇ; ಹೊಸ ಕೇಬಲ್ ಹಾಕುವುದೇ ಸೂಕ್ತ. ಎಂಜಿನ್ನನ್ನು ಎಡಬಲಕ್ಕೆ ತಿರುಗಿಸಿದಾಗ ಅಥವಾ ಮೇಲೆತ್ತಿದಾಗ ಮಾತ್ರ ಬಿಗಿತ ಕಂಡುಬಂದರೆ ಕೇಬಲ್ ಎಲ್ಲೋ ಮಡಚಿಕೊಂಡಿದೆ ಅಥವಾ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ಹಿಡಿಯೊಳಗೆ ಗಟ್ಟಿಯಾದ ಹಳೆಯ ಗ್ರೀಸ್ ಮತ್ತು ಉಪ್ಪನ್ನು ತೆಗೆದು, ನೀರಿಗೆ ತೊಳೆದು ಹೋಗದ ಮರೈನ್ ಗ್ರೀಸ್ ಹಚ್ಚಬೇಕು.

ಎಂಜಿನ್ ಬದಿಯ ತೊಂದರೆ

ಕಾರ್ಬ್ಯುರೇಟರ್‌ನಲ್ಲಿ ಉಳಿದ ಇಂಧನ ಕಾಲಕ್ರಮೇಣ ಅಂಟಿನಂತಾಗಿ ತಟ್ಟೆಯ ಅಕ್ಷವನ್ನು ಹಿಡಿದಿಡುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಮೃದುವಾದ ಬ್ರಶ್‌ನಿಂದ ಉಜ್ಜಿದರೆ ಇದು ಸಡಿಲವಾಗುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ತಟ್ಟೆ ಸವೆದು ಐಡ್ಲಿಂಗ್ ಕೆಡುತ್ತದೆ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಬಳಿಕ ಸೀಮೆಎಣ್ಣೆಗೆ ಬದಲಿಸುವ ಎಂಜಿನ್‌ಗಳನ್ನು ನಿಲ್ಲಿಸುವ ಮುನ್ನ ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲ್‌ನಲ್ಲಿ ಓಡಿಸುವುದು ಅಗತ್ಯ. ಇಲ್ಲವಾದರೆ ಸೀಮೆಎಣ್ಣೆ ಕಾರ್ಬ್ಯುರೇಟರ್‌ನಲ್ಲೇ ಉಳಿದು ಮರುದಿನ ಎಂಜಿನ್ ಚಾಲೂ ಆಗುವುದೂ ಕಷ್ಟವಾಗುತ್ತದೆ.

ಹಲವರ ಗಮನಕ್ಕೆ ಬಾರದ ಇನ್ನೊಂದು ಜಾಗವಿದೆ. ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಥ್ರಾಟಲ್ ತಿರುಗಿಸಿದಾಗ ಫ್ಲೈವೀಲ್ ಕೆಳಗಿನ ಮ್ಯಾಗ್ನೆಟೋ ತಟ್ಟೆಯೂ ಜೊತೆಗೆ ತಿರುಗಿ ಕಿಡಿಯ ಸಮಯವನ್ನು ಬದಲಿಸುತ್ತದೆ. ಈ ತಟ್ಟೆ ಕೂರುವ ಬಳೆ ಒಣಗಿದರೂ ಹಿಡಿ ಬಿಗಿಯಾಗುತ್ತದೆ. ಇದರ ದುರಸ್ತಿಗೆ ಪುಲ್ಲರ್ ಬಳಸಿ ಫ್ಲೈವೀಲ್ ಕಳಚಬೇಕಾಗಿರುವುದರಿಂದ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡುವುದು ಲೇಸು.

ಕಡಲಿನಲ್ಲಿದ್ದಾಗ ಬಿಗಿದರೆ

ಎಂಜಿನ್ ಪೂರ್ಣ ವೇಗದಲ್ಲಿರುವಾಗ ಥ್ರಾಟಲ್ ಬಿಗಿದರೆ ಗಾಬರಿಯಿಂದ ನ್ಯೂಟ್ರಲ್‌ಗೆ ತರಬಾರದು. ಹೊರೆ ತಪ್ಪಿದ ಎಂಜಿನ್ ಮಿತಿಮೀರಿ ಓಡಿ ಹಾನಿಗೊಳ್ಳುತ್ತದೆ. ಸ್ಟಾಪ್ ಬಟನ್ ಒತ್ತುವುದು ಅಥವಾ ಸುರಕ್ಷಾ ಹಗ್ಗ ಎಳೆದು ಎಂಜಿನ್ ನಿಲ್ಲಿಸುವುದೇ ಸರಿಯಾದ ಕ್ರಮ. ಚಾಲಕನ ಮೈಗೆ ಕಟ್ಟುವ ಈ ಹಗ್ಗ, ಆತ ನೀರಿಗೆ ಬಿದ್ದರೂ ಎಂಜಿನ್ನನ್ನು ನಿಲ್ಲಿಸುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಈ ಸ್ವಿಚ್ಚೇ ಕೆಟ್ಟಿರುವುದುಂಟು. ಎಂಜಿನ್ ನಿಂತ ದೋಣಿಯನ್ನು ಸೆಳೆತ ಎಳೆದೊಯ್ಯುವುದರಿಂದ ಹುಟ್ಟು ಮತ್ತು ಲಂಗರು ಕೈಗೆಟಕುವಂತಿರಬೇಕು.

ಕಡಲಿನಿಂದ ಮರಳಿದ ಮೇಲೆ ಎಂಜಿನ್ನನ್ನು ಸಿಹಿನೀರಿನಿಂದ ತೊಳೆದು, ಕೀಲುಗಳಿಗೆ ಗ್ರೀಸ್ ಹಚ್ಚಿ, ಬಳಸದ ದಿನಗಳಲ್ಲೂ ಆಗಾಗ ಹಿಡಿಯನ್ನು ತಿರುಗಿಸುತ್ತಿದ್ದರೆ ಈ ದೋಷವನ್ನು ಬಹುಮಟ್ಟಿಗೆ ತಪ್ಪಿಸಬಹುದು. ದೋಣಿ ನೀರಿಗಿಳಿಸುವ ಮುನ್ನ ಥ್ರಾಟಲ್ ಸಲೀಸಾಗಿ ಹಿಂದಕ್ಕೆ ಬರುತ್ತದೆಯೇ, ಸ್ಟಾಪ್ ಸ್ವಿಚ್ ಎಂಜಿನ್ ನಿಲ್ಲಿಸುತ್ತದೆಯೇ ಎಂಬ ಎರಡು ಪರೀಕ್ಷೆಗಳಿಗೆ ಬೇಕಾಗುವುದು ಕೆಲವೇ ನಿಮಿಷ. ಇವೆರಡರಲ್ಲಿ ಒಂದು ವಿಫಲವಾದರೂ ಅಂದು ದೋಣಿ ದಡದಲ್ಲೇ ಉಳಿಯುವುದು ಕ್ಷೇಮ.